ಇಬ್ಬನಿಗೆ ಕಾದ ದಾಸವಾಳ

ದಾಸವಾಳದ ಹೂವಿನಂತೆ ರೂಪಿಸಿದ ಆ ಉಡುಪು ಅವಳ ಕೂಸು. ರೇಷ್ಮೆಯ ಎಸಳು ಕತ್ತರಿಸಿ, ಬಣ್ಣವಿಟ್ಟು, ಬಿಸಿ ಕಬ್ಬಿಣದಿಂದ ಅಂಚು ಸುರುಳಿಯಾಗಿಸಿ, ಕೈಯಾರೆ ಹೊಲಿದವಳು ಅವಳು. ಹೆಸರು ಮಾತ್ರ ಅಕ್ಕನದು. ಅಕ್ಕ ಎಂದರೆ ದೊಡ್ಡಮ್ಮನ ಮಗಳು, ಹೊಲಿಗೆಮನೆಯ ಒಡತಿ. ನೋಡಲು ಬಂದವರು ಬೆರಗಾಗಿ ನಿಂತರೆ ಅಕ್ಕ ಇವಳತ್ತ ಕೈ ತೋರಿಸಿ, "ನಮ್ಮ ಚಿಕ್ಕಮ್ಮನ ಮಗಳು. ಗುಂಡಿ ಗಿಂಡಿ ಹಚ್ಚಿಕೊಡ್ತಾಳೆ, ಪಾಪ," ಎಂದಳು. ಆ 'ಪಾಪ'ವನ್ನು ಇವಳು ಮರೆಯಲಿಲ್ಲ.

ಜಗಳಕ್ಕಿಳಿದರೆ ನೆಂಟರೆಲ್ಲ ಅಕ್ಕನ ಕಡೆಗೇ. ಹಾಗಾಗಿ ಬಾಯಿ ಮುಚ್ಚಿಕೊಂಡು ತಲೆ ಓಡಿಸಿದಳು. ನೀರು ತಾಗಿದರೆ ಕರಗುವ ದಾರವೊಂದಿದೆ. ಆಮೇಲೆ ಬಿಚ್ಚುವ ಕಚ್ಚಾ ಹೊಲಿಗೆಗೆ ಬಳಸುತ್ತಾರೆ, ಒದ್ದೆಯಾದರೆ ಮಾಯ. ಫ್ಯಾಷನ್ ಪ್ರದರ್ಶನದಲ್ಲಿ ಈ ಉಡುಪು ತೊಟ್ಟ ಹುಡುಗಿ ವೇದಿಕೆಯ ತುದಿಗೆ ಬಂದಾಗ ಮೇಲಿನಿಂದ ಇಬ್ಬನಿಯಂತೆ ನೀರು ಉದುರಬೇಕೆಂದು ಹಟ ಹಿಡಿದವಳು ಅಕ್ಕನೇ. ಇನ್ನೇನು ಬೇಕು? ಕೊನೆಯ ತಪಾಸಣೆಯ ನೆಪದಲ್ಲಿ ಬಾಗಿಲು ಹಾಕಿಕೊಂಡು, ಗಟ್ಟಿ ದಾರ ಬಿಚ್ಚಿ, ಎಸಳುಗಳನ್ನೆಲ್ಲ ಕರಗುವ ದಾರದಲ್ಲಿ ಮತ್ತೆ ಹೊಲಿದಳು. ಒಳಗೆ ದಪ್ಪ ಅಸ್ತರಿತ್ತು, ಹುಡುಗಿಯ ಮಾನಕ್ಕೆ ಭಯವಿಲ್ಲ. ಅಷ್ಟು ಕರುಣೆ ತನ್ನಲ್ಲಿ ಉಳಿದಿದೆಯಲ್ಲ ಎಂದು ಅವಳಿಗೆ ಹೆಮ್ಮೆಯೂ ಆಯಿತು.

ಉಳಿದದ್ದು ತಪ್ಪು ಯಾರ ತಲೆಗೆ ಎಂಬುದು. ಪ್ರದರ್ಶನಕ್ಕೆ ಮೊದಲು ಪತ್ರಕರ್ತರ ಮುಂದೆ ತಾನಾಗಿಯೇ ಹೋಗಿ ನಿಂತಳು.

"ಇದರಲ್ಲಿ ನನ್ನದು ಒಂದು ಹೊಲಿಗೆಯೂ ಇಲ್ಲ. ಎಲ್ಲಾ ಅಕ್ಕನ ಕೈಕೆಲಸ."

ನಿನಗೇನು ತಲೆ ಕೆಟ್ಟಿದೆಯೇನಮ್ಮಾ ಎಂದು ಗೊಣಗಿದ, ಹೊಲಿಗೆಮನೆಯಲ್ಲಿ ಇವಳ ಕೆಲಸ ಕಂಡಿದ್ದ ಇಸ್ತ್ರಿ ತಾತನನ್ನು ಕಣ್ಣಲ್ಲೇ ಸುಮ್ಮನಿರಿಸಿದಳು. ಅಕ್ಕನ ಕಣ್ಣು ತುಂಬಿ ಬಂತು. "ಇಷ್ಟು ದಿನ ನಿನ್ನನ್ನ ತಪ್ಪು ತಿಳ್ಕೊಂಡಿದ್ದೆ ಕಣೇ," ಎಂದು ತಬ್ಬಿಕೊಂಡಳು. ಇವಳೂ ತಬ್ಬಿಕೊಂಡಳು. ಬಲಿಯನ್ನು ನೇವರಿಸುವುದರಲ್ಲೂ ಒಂದು ಸುಖವಿದೆ.

ಹುಡುಗಿ ತುದಿಗೆ ಬಂದಳು. ಇಬ್ಬನಿ ಇಳಿಯಿತು. ಎಸಳುಗಳು ಮಿನುಗಿದವು, ನಡುಗಿದವು, ಒಂದೂ ಉದುರಲಿಲ್ಲ. ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಉಡುಪನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡುತ್ತೇವೆ, ಮಾಡಿದವರ ಹೆಸರು ಕೆತ್ತಿಸಬೇಕು, ಯಾರದಿದು ಎಂದು ವಸ್ತುಸಂಗ್ರಹಾಲಯದಾಕೆ ಅಲ್ಲೇ ಬಂದು ಕೇಳಿದಳು.

"ನನ್ನದೇ," ಎಂದಳು ಅಕ್ಕ. "ಅನುಮಾನ ಇದ್ರೆ ಇವಳನ್ನೇ ಕೇಳಿ."

ಪತ್ರಕರ್ತರೆಲ್ಲ ಇವಳತ್ತ ತಿರುಗಿದರು. ತಲೆಯಾಡಿಸದೆ ಬೇರೆ ದಾರಿಯಿರಲಿಲ್ಲ.

ಪರದೆಯ ಹಿಂದೆ, ಕಳಚಿಟ್ಟ ಉಡುಪಿನ ಎಸಳೊಂದನ್ನು ಹಿಡಿದು ಜಗ್ಗಿದಳು. ಅಲುಗಲಿಲ್ಲ. ಹೊಲಿಗೆಯನ್ನು ಉಗುರಿನಿಂದ ಕೆರೆದಳು; ಉಗುರಿನಡಿ ಜಿಡ್ಡು ಸೇರಿತು. ಮೂಸಿದಳು. ಜೇನುಮೇಣ, ನೀರನ್ನು ದಾರಕ್ಕೆ ತಾಗಗೊಡದ್ದು. ದಾರ ಸಿಕ್ಕಾಗದಿರಲೆಂದು ಪೋಣಿಸುವ ಮೊದಲು ಮೇಣದ ಉಂಡೆಯ ಮೇಲೆ ಎಳೆಯುವುದು ಕೈಹೊಲಿಗೆಯವರ ರೂಢಿ, ಅಮ್ಮ ಚಿಕ್ಕಂದಿನಲ್ಲೇ ಕಲಿಸಿದ್ದು. ಅಕ್ಕನ ಮಾನ ಕಳೆಯಲು ಕುಳಿತಾಗಲೂ ಇವಳ ಕೈ, ಇವಳನ್ನೊಂದು ಮಾತು ಕೇಳದೆ, ಪ್ರತಿ ಎಳೆಗೂ ಮೇಣ ಹಚ್ಚಿತ್ತು.