ಅವರೆಕಾಳಿನಷ್ಟು ಚಕ್ರ

ಹೊಸಪೇಟೆಯ ಪ್ರೆಸ್ ಮಾಲೀಕ ಕನಕರಾಜನ ಕೆನ್ನೆಗೆ ಬಿದ್ದ ಏಟಿನ ಸದ್ದು ಸಂಡೂರಿನ ಗುಡ್ಡಕ್ಕೆ ಬಡಿದು, ವಾಪಸ್ ಬಂದು, ಅವನ ಇನ್ನೊಂದು ಕೆನ್ನೆಗೂ ಬಾರಿಸಿತ್ತು. ಐದು ತಿಂಗಳಾದರೂ ಕಿವಿಯೊಳಗಿನ ಗುಂಯ್ ನಿಂತಿರಲಿಲ್ಲ.

ಹೊಡೆದವನು ಉಚ್ಚೆಂಗಪ್ಪ, ಸಂಡೂರಿನ ಗಣಿ ಕಾರ್ಮಿಕರ ಸಂಘದ ಕಾರ್ಯದರ್ಶಿ. ಕಾರಣ, ಅವರೆಕಾಳಿನಷ್ಟು ದೊಡ್ಡ ಒಂದು ಹಲ್ಲಿನ ಚಕ್ರ. ಸಂಘದ ಮುದ್ರೆ ಅದು. ಕರಪತ್ರದ ಕೆಳತುದಿಯಲ್ಲಿ ಚಕ್ರ ಕೂತಿತೆಂದರೆ, ಕಾಗದದ ಮೇಲಿರುವುದು ಸಂಘದ್ದೇ ಮಾತು, ಅದನ್ನು ಅಚ್ಚು ಹಾಕಿದ ಕೈಗಳಿಗೆ ನ್ಯಾಯದ ಕೂಲಿ ಸಿಕ್ಕಿದೆ ಎಂದು ಗಣಿಯ ಮಂದಿ ಕಣ್ಣು ಮುಚ್ಚಿ ನಂಬುತ್ತಿದ್ದರು. ಹದಿನಾಲ್ಕು ವರ್ಷ ಅದನ್ನು ಮುದ್ರಿಸುವ ಹಕ್ಕು ಕನಕರಾಜನೊಬ್ಬನಿಗೇ ಇತ್ತು. ಅವನೋ, ಇರುವೆಯ ಮೀಸೆಯಲ್ಲಿ ಎಷ್ಟು ಕೂದಲೆಂದು ನಿಂತಲ್ಲೇ ಹೇಳುವ ಕಣ್ಣಿನವನು. ಆ ಕಣ್ಣಿಗೆ ಒಂದು ದಿನ ಗಣಿ ಗುತ್ತಿಗೆದಾರನೊಬ್ಬ ತೋರಿಸಿದ ದುಡ್ಡಿನ ಆಸೆ ಹೊಕ್ಕಿತು. ‘ಮುಷ್ಕರ ನಿಂತಿದೆ, ಕೆಲಸಕ್ಕೆ ಬನ್ನಿ’ ಎಂಬ ಸುಳ್ಳು ಕರಪತ್ರದ ಅಡಿಗೂ ಕನಕರಾಜ ಚಕ್ರ ಕೂರಿಸಿಬಿಟ್ಟ. ಮುನ್ನೂರು ಜನ ನಂಬಿ ಗಣಿಗಿಳಿದರು. ಮುಷ್ಕರ ಮುರಿದುಬಿತ್ತು.

ಮರುದಿನವೇ ಉಚ್ಚೆಂಗಪ್ಪ ಪ್ರೆಸ್ಸಿಗೆ ನುಗ್ಗಿದ. ಕನಕರಾಜನ ಜುಟ್ಟು ಹಿಡಿದು, ಮುಖವನ್ನು ಮಸಿಯ ತಟ್ಟೆಗೆ ಒತ್ತಿ ಎತ್ತಿದ. ಆಮೇಲೆ ಬಾರಿಸಿದ.

“ಲೇ, ಈ ಮುದ್ರಿ ನಿಮ್ಮಪ್ಪನ ಆಸ್ತಿ ಅಲ್ಲ! ನಮ್ಮ ಮಂದಿ ರಗತ ಐತಿ ಇದರಾಗ!”

ಸಂಘ ಕೊಟ್ಟಿದ್ದ ಹಿತ್ತಾಳೆ ಅಚ್ಚನ್ನು ಕಿತ್ತುಕೊಂಡು, ಹೊಸ್ತಿಲ ಕಲ್ಲಿನ ಮೇಲಿಟ್ಟು, ಅದು ರೊಟ್ಟಿಯಾಗುವ ತನಕ ಸುತ್ತಿಗೆಯಿಂದ ಜಜ್ಜಿದ. ಜೊತೆಗೆ ಬಂದಿದ್ದ ಮುದುಕಿ ಗಾಳೆಮ್ಮ ಆ ತಗಡನ್ನು ಸೆರಗಿಗೆ ಕಟ್ಟಿಕೊಂಡಳು. ಬಂಡ್ರಿಯವಳು, ಗಣಿಯಲ್ಲಿ ಮೂವತ್ತು ವರ್ಷ ಉಳಿ, ಹಾರೆ ಮಸೆದವಳು. ಸಂಘದ ಅಚ್ಚುಗಳಿಗೆ ಅವಳೇ ಕಾವಲು. ಹದಿನಾಲ್ಕು ವರ್ಷದ ಹಿಂದೆ ಈ ಅಚ್ಚನ್ನು ತಂದುಕೊಟ್ಟವಳೂ ಅವಳೇ. ಆವತ್ತು ಇದೇ ಹೊಸ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಅಚ್ಚಿನ ಅಂಚಿಗೆ ಕಿರ್ ಕಿರ್ ಎಂದು ಅರ ಹಾಕಿದ್ದಳು.

“ಅಂಚು ಚುಚ್ಚತೈತಪ್ಪ,” ಅಂದಿದ್ದಳು.

“ಇದು ಕಲ್ಲು ಒಡಿಯೋ ಉಳಿ ಅಲ್ಲಬೇ ಅಮ್ಮಾ,” ಎಂದು ಕನಕರಾಜ ನಕ್ಕಿದ್ದ.

ಹೊಸ ಅಚ್ಚಿನೊಂದಿಗೆ ಚಕ್ರ ಕಂಪ್ಲಿಯ ಈಶ್ವರನ ಪ್ರೆಸ್ಸಿಗೆ ಹೋಯಿತು. ನಿನ್ನೆ ಮೊನ್ನೆ ಕನಕರಾಜನ ಕೈಕೆಳಗೆ ಕಾಗದ ಕತ್ತರಿಸುತ್ತಿದ್ದ ಈಶ್ವರ! ಚಕ್ರದ ಹಿಂದೆಯೇ ಗಿರಾಕಿಗಳೂ ಉರುಳಿಕೊಂಡು ಕಂಪ್ಲಿಗೆ ಹೋದರು.

ಒಬ್ಬನನ್ನು ಕೊಲ್ಲುವುದೇನು ಮಹಾ? ಕೋಳಿ ಅಂಗಡಿಯವನು ದಿನಕ್ಕೆ ಇನ್ನೂರು ಕೊಲ್ಲುತ್ತಾನೆ. ಕನಕರಾಜನಂಥ ಕಸಬುದಾರ ಕೈಯಿಟ್ಟರೆ ಒಂದೇ ಏಟಿಗೆ ಇಬ್ಬರು ಮುಗಿಯಬೇಕು: ಒಬ್ಬ ಸುಡುಗಾಡಿಗೆ, ಇನ್ನೊಬ್ಬ ಬಳ್ಳಾರಿ ಜೈಲಿಗೆ.

ಅಚ್ಚು ಜಜ್ಜಿಹೋಗಿತ್ತು, ನಿಜ. ಆದರೆ ಈ ಕಾಲದಲ್ಲಿ ಅಚ್ಚನ್ನು ಯಂತ್ರಕ್ಕೆ ಕಟ್ಟುವವರು ಯಾರು? ಅದರದೊಂದು ಗುರುತು ಒತ್ತಿ, ಸ್ಕ್ಯಾನ್ ಮಾಡಿ, ಪ್ಲೇಟಿಗೆ ಹಾಕಿದರೆ ಮುಗಿಯಿತು. ಆ ಸ್ಕ್ಯಾನ್ ಅವನ ಕಂಪ್ಯೂಟರಿನ ಹೊಟ್ಟೆಯಲ್ಲಿ ಬೆಚ್ಚಗೆ ಮಲಗಿತ್ತು. ಅವನು ಮತ್ತೊಂದು ಸುಳ್ಳು ಕರಪತ್ರ ಸಿದ್ಧಮಾಡಿದ. ಈಶ್ವರ ಬಳಸುವ ಅದೇ ಹಳದಿ ಕಾಗದ. ಈಶ್ವರನ ಕಟಿಂಗ್ ಮಷೀನು ಬಲಮೂಲೆಯನ್ನು ಕೂದಲೆಳೆಯಷ್ಟು ಓರೆ ಕತ್ತರಿಸುತ್ತಿತ್ತು. ಆ ಓರೆಯನ್ನೂ ಬಿಡಲಿಲ್ಲ. ಕಂಪ್ಲಿಯಲ್ಲಿ ಅಚ್ಚಾದ ಕರಪತ್ರವೊಂದು ಎದುರಿಗೇ ಇತ್ತು. ಅದರಿಂದಲೇ ಚಕ್ರ ಎತ್ತೋಣವೆಂದರೆ ಮಸಿ ಹರಡಿತ್ತು. ಥೂ, ಎಂಥ ಹೊಲಸು ಕೆಲಸ! ತನ್ನದೇ ಸ್ವಚ್ಛ ಸ್ಕ್ಯಾನ್ ಕೂರಿಸಿದ. ಚಕ್ರ ಚಕ್ರವೇ, ಎಲ್ಲಿಯದಾದರೇನು? ಈಗ ಅಚ್ಚು ಇರುವುದು ಈಶ್ವರನೊಬ್ಬನ ಹತ್ತಿರ. ಸಂಘದ ಮುದ್ರೆ ಕದ್ದು ಮಾರುತ್ತಿದ್ದ ಈಶ್ವರ, ಹಿಡಿಯಲು ಬಂದ ಉಚ್ಚೆಂಗಪ್ಪನನ್ನು ಕೊಂದ. ಕುರುಡನೂ ಓದುವ ಕತೆ!

ಸೋಮವಾರ ಟಿ.ಬಿ. ಡ್ಯಾಂ ಬಸ್ ನಿಲ್ದಾಣದಲ್ಲಿ ಅವನು ಉಚ್ಚೆಂಗಪ್ಪನ ಕಾಲಿಗೆ ಬಿದ್ದ.

“ತಪ್ಪಾತಣ್ಣಾ. ಆದ್ರ ಈಶ್ವರ ನನಗಿಂತ ದೊಡ್ಡ ಕಳ್ಳ. ನಾಳಿ ಮೂರೂವರಿಗೆ ಕಂಪ್ಲಿ ರಸ್ತಿ ಬಾಳಿ ತ್ವಾಟಕ್ಕ ಒಬ್ರ ಬರ್ರಿ, ಕಣ್ಣಾರೆ ತೋರಸ್ತೀನಿ. ಯಾರಿಗೂ ಹೇಳಬ್ಯಾಡ್ರಿ.”

“ಸುಳ್ಳಾದ್ರ?”

“ಇನ್ನೊಂದು ಕೆನ್ನಿ ಐತಲ್ಲಣ್ಣಾ!”

ಉಚ್ಚೆಂಗಪ್ಪ ನಕ್ಕುಬಿಟ್ಟ. ಪಾಪ, ಅವನ ಕೊನೆಯ ನಗು.

ಮಂಗಳವಾರ ಕನಕರಾಜ ಹಂಪಿ ಬಜಾರಿಗೆ ಪ್ರವಾಸಿಗರ ನಕಾಶೆಗಳ ಕಟ್ಟು ಒಯ್ದ. ಸುಮಲತಾಳ ಚಹದಂಗಡಿಯಲ್ಲಿ ಫೋನನ್ನು ಚಾರ್ಜಿಗೆ ಹಾಕಿ, ದೇವರ ದರ್ಶನಕ್ಕೆಂದು ಎದ್ದ. ಫೋನು ಹಂಪಿಯಲ್ಲೇ ಕೂತಿತು. ಅವನು ಬಾಳೆ ತೋಟ ಸೇರಿದ.

ಪ್ರೆಸ್ಸಿನ ಯಂತ್ರದಿಂದ ಕಳಚಿ ತಂದಿದ್ದ ಕಬ್ಬಿಣದ ಹಿಡಿಕೆಯ ಮೊದಲ ಏಟು ತಲೆಯ ಹಿಂಭಾಗಕ್ಕೆ ಬಿತ್ತು. ಆನೆಯೂ ಮಲಗುವ ಏಟು. ಉಚ್ಚೆಂಗಪ್ಪ ಮಲಗಲಿಲ್ಲ. ನಿಧಾನವಾಗಿ ತಿರುಗಿ, ಅದೇ ಹಳೆಯ ಕೈಯಿಂದ ಕನಕರಾಜನ ಕುತ್ತಿಗೆ ಹಿಡಿದ. ಇಬ್ಬರೂ ಕೆಸರಿಗೆ ಬಿದ್ದರು, ನಾಲ್ಕು ಬಾಳೆಗಿಡ ಮುರಿದವು. ಎರಡನೆಯ ಏಟು ಬಾಯಿಗೆ. ಮೂರನೆಯದು ಕಿವಿಯ ಮೇಲೆ, ತೆಂಗಿನಕಾಯಿ ಒಡೆದ ಸದ್ದು. ಆಮೇಲಿನ ಹತ್ತು ಏಟು ಬೇಕಿರಲಿಲ್ಲ. ಐದು ತಿಂಗಳ ಗುಂಯ್ ಅವನ್ನು ಹೊಡೆಸಿತು. ಬಾಳೆ ಎಲೆಯ ಮೇಲೆ ರಕ್ತದ ನಡುವೆ ಮುರಿದ ಹಲ್ಲುಗಳಿದ್ದವು. ಕನಕರಾಜ ಬಗ್ಗಿ ಎಣಿಸಿದ. ಮೂರು. ಎಂಥ ಗಡಿಬಿಡಿಯಲ್ಲೂ ಅವನ ಕಣ್ಣಿಗೆ ಏನೂ ತಪ್ಪುತ್ತಿರಲಿಲ್ಲ ನೋಡಿ!

ಹೆಣದ ಮುಷ್ಟಿಗೆ ಒಂದು ಕರಪತ್ರ ತುರುಕಿ, ಉಳಿದ ಕಟ್ಟನ್ನು ಪಕ್ಕದಲ್ಲಿ ಚೆಲ್ಲಿ, ಹಿಡಿಕೆಯನ್ನೂ ಅಂಗಿಯನ್ನೂ ಕಾಲುವೆಗೆ ಒಗೆದ. ಹೊಸ ಅಂಗಿ ತೊಟ್ಟು, ಹಣೆಗೆ ವಿಭೂತಿ ಬಳಿದುಕೊಂಡು ಚಹಕ್ಕೆ ವಾಪಸಾದ.

“ದರ್ಶನಕ್ಕ ಭಾಳ ಹೊತ್ತಾತಲ್ರಿ?” ಎಂದಳು ಸುಮಲತಾ.

“ವಿರೂಪಾಕ್ಷ ಬಿಡ್ಲಿಲ್ಲಮ್ಮ.”

ಮರುದಿನ ಸೂರ್ಯ ನೆತ್ತಿಗೇರುವುದರೊಳಗೆ ಪೊಲೀಸರು ಈಶ್ವರನನ್ನು ಎಳೆದೊಯ್ದರು. ಕಂಪ್ಲಿಯ ಮಂದಿ ಅವನ ಪ್ರೆಸ್ಸಿಗೆ ಕಲ್ಲು ತೂರಿದರು. ಸಂಡೂರಿನ ಶವಯಾತ್ರೆಯಲ್ಲಿ ಎಲ್ಲಕ್ಕಿಂತ ದೊಡ್ಡ ಹಾರ ಯಾರದು? ಕನಕರಾಜನದು. ನಾಲ್ಕು ಜನ ಹೊತ್ತು ತಂದ ಹಾರ. ಎಲ್ಲರಿಗಿಂತ ಜೋರಾಗಿ ಅತ್ತವನೂ ಅವನೇ. ಕಿವಿಯ ಗುಂಯ್ ನಿಂತೇ ಹೋಗಿತ್ತು.

ಐದನೆಯ ದಿನ ಎಸ್.ಐ. ಹೇಮಾ ಪ್ರೆಸ್ಸಿಗೆ ಬಂದರು. ಜೊತೆಗೆ ಗಾಳೆಮ್ಮ. ಸಂಘ ಮತ್ತೆ ಕೆಲಸ ಕೊಡಲು ಬಂದಿದೆ ಎಂದುಕೊಂಡ ಕನಕರಾಜ ಕುರ್ಚಿ ಒರೆಸಿದ.

“ಬರ್ರಿ ಮೇಡಂ, ಕುಂದ್ರಿ. ಬಾರಬೇ ಗಾಳೆಮ್ಮ, ಚಾ ಹೇಳ್ಲಾ?”

“ಚಾ ಬ್ಯಾಡಪ್ಪ. ನಿನ್ನ ಕಣ್ಣು ಭಾಳ ಚುರುಕಲ್ಲ, ಇವನ್ನಷ್ಟು ಎಣಿಸು,” ಎಂದು ಗಾಳೆಮ್ಮ ಎರಡು ಕರಪತ್ರ ಹಾಸಿ ಭೂತಗನ್ನಡಿ ಇಟ್ಟಳು. ಕನಕರಾಜ ಎಣಿಸಿದ. ಈಶ್ವರನಲ್ಲಿ ಅಚ್ಚಾದ ಚಕ್ರಕ್ಕೆ ಹನ್ನೆರಡು ಹಲ್ಲು. ಸತ್ತವನ ಮುಷ್ಟಿಯಲ್ಲಿ ಸಿಕ್ಕ ಚಕ್ರಕ್ಕೆ ಹನ್ನೊಂದು. “ಗಣಿಯಾಗ ಯಾರ ಉಳಿ ಯಾರದು ಅಂತ ಗೊತ್ತಾಗ್ಲಿ ಅಂತ ಒಂದೊಂದಕ್ಕ ಒಂದೊಂದು ನಮೂನಿ ಅರ ಹಾಕಿ ಕೊಡತಿದ್ದೆ. ಅಚ್ಚಿಗೂ ಹಂಗ. ಹನ್ನೊಂದು ಹಲ್ಲಿಂದು ಜಗತ್ತಿನಾಗ ಒಂದ ಇತ್ತಪ್ಪ, ನಿನಗ ಕೊಟ್ಟಿದ್ದು,” ಎನ್ನುತ್ತ ಸೆರಗಿನ ಗಂಟು ಬಿಚ್ಚಿ, ರೊಟ್ಟಿಯಾದ ಹಿತ್ತಾಳೆಯನ್ನು ಮೇಜಿನ ಮೇಲಿಟ್ಟಳು. “ಇದು ಸತ್ತು ಐದು ತಿಂಗಳಾತು. ಮತ್ತ ಯಾರ ಮನ್ಯಾಗ ಉಸಿರಾಡಾಕತ್ತಿತ್ತು?” ಹೇಮಾ ಆಗಲೇ ಕಂಪ್ಯೂಟರಿನ ಗುಂಡಿ ಒತ್ತಿದ್ದರು. ಕನಕರಾಜ ಗಾಜನ್ನು ಬಿಡಲೇ ಇಲ್ಲ. ಹದಿನಾಲ್ಕು ವರ್ಷ, ಲಕ್ಷ ಸಲ ಮುದ್ರಿಸಿದ ಆ ಚಕ್ರದ ಹಲ್ಲುಗಳನ್ನು ಅವನು ಜೀವಮಾನದಲ್ಲಿ ಎರಡನೆಯ ಸಲ ಎಣಿಸಿದ, ಮೂರನೆಯ ಸಲ ಎಣಿಸಿದ. ಹನ್ನೊಂದೇ ಇದ್ದವು.