ಕೂತಲ್ಲೇ ನಡೆದ ಅಪ್ಪ

“ನಡಿ ನಡಿ ಅಂತ ನನ್ನ ಪ್ರಾಣ ತಿನ್ನುತ್ತಲ್ಲ, ಈ ಫೋನು ಒಂದಿನವಾದ್ರೂ ತಾನೇ ನಡೆದಿದೆಯಾ?”

ಅಪ್ಪ ಕೇಳಿದ್ದು ಯಾರನ್ನೂ ಅಲ್ಲ. ಹೊಲಿಗೆ ಅಂಗಡಿಯಲ್ಲಿ ಇದ್ದದ್ದು ಗೋಡೆಗೆ ತೂಗುಹಾಕಿದ ತೋಳಿಲ್ಲದ ಅಂಗಿಗಳು, ಮೂಲೆಯಲ್ಲಿ ಕೂತು ಹೋಂವರ್ಕ್ ಬರೆಯುತ್ತಿದ್ದ ಮಗಳು, ಅಷ್ಟೇ. ಮಗುವಾಗಿದ್ದಾಗ ಅಂಗಿಯ ಗುಂಡಿಯೊಂದನ್ನು ನುಂಗಿ ಮನೆಮಂದಿಯನ್ನೆಲ್ಲ ಕುಣಿಸಿದ್ದರಿಂದ ಅವಳಿಗೆ ಗುಂಡಿ ಎಂದೇ ಹೆಸರಾಗಿತ್ತು.

ಅಪ್ಪನಿಗೆ ಸಕ್ಕರೆ ಕಾಯಿಲೆ ಶುರುವಾಗಿತ್ತು. ದಿನಾ ನಡೆಯದಿದ್ದರೆ ಇಂಜೆಕ್ಷನ್ನೇ ಗತಿ ಎಂದು ಡಾಕ್ಟರು ಹೆದರಿಸಿ, ಫೋನಿನಲ್ಲಿ ಒಂದು ಆರೋಗ್ಯದ ಆ್ಯಪ್ ಹಾಕಿಸಿದ್ದರು. ಬೆಳಗಿನಿಂದ ಸಂಜೆಯವರೆಗೆ ಸೂಜಿಯೊಡನೆ ಬಾಳುವ ಅಪ್ಪನಿಗೆ ಡಾಕ್ಟರ ಸೂಜಿ ಕಂಡರೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. ಆದರೆ ನಡೆಯಲು ಹೊತ್ತೆಲ್ಲಿ? ಶಾಲೆಗಳು ಆಗಷ್ಟೇ ಶುರುವಾಗಿದ್ದವು. ಯೂನಿಫಾರ್ಮ್ ಬಟ್ಟೆ ರಾಶಿ ಬಿದ್ದಿತ್ತು. ಫೋನಿನೊಳಗಿನ ಹೆಂಗಸು ಮಾತ್ರ ಆಗಾಗ ಜೇನಿನಂಥ ದನಿಯಲ್ಲಿ, “ನೀವು ಇವತ್ತು ಇನ್ನೂ ನಡೆದಿಲ್ಲ” ಎನ್ನುತ್ತಿದ್ದಳು.

ಗುಂಡಿ ಮೆಷಿನ್ನಿನ ಕೆಳಗೆ ಬಗ್ಗಿ ನೋಡಿದಳು. ಅಪ್ಪನ ಕಾಲುಗಳು ಪೆಡಲಿನ ಮೇಲೆ ಟಕಟಕ ಕುಣಿಯುತ್ತಿದ್ದವು.

“ಅಪ್ಪ, ಫೋನ್ ಕಾಲಿಗೆ ಕಟ್ಕೊಳ್ಳಿ. ಕಾಲಂತೂ ನಡೀತಾನೇ ಇದೆಯಲ್ಲ.”

“ಅದಕ್ಕೆ ಗೊತ್ತಾಗಲ್ವಾ?”

“ಅದಕ್ಕೇನು ಕಣ್ಣಿದೆಯಾ?”

ಲಂಗಕ್ಕೆ ಹಾಕುವ ಎಲಾಸ್ಟಿಕ್ಕಿನಿಂದ ಫೋನು ಅಪ್ಪನ ಕಾಲೇರಿತು. ಸಂಜೆಯ ಹೊತ್ತಿಗೆ ಆ್ಯಪ್ ಚಪ್ಪಾಳೆ ಹೊಡೆಯಿತು, ತುತ್ತೂರಿ ಊದಿತು. ವಾರ ಕಳೆಯುವಷ್ಟರಲ್ಲಿ ಅಪ್ಪನ ಫೋಟೋದ ತಲೆಗೆ ಚಿನ್ನದ ಬಣ್ಣದ ಕಿರೀಟ ಬಂತು. ಗುಂಡಿಗೆ ತನ್ನ ಬುದ್ಧಿಯ ಬಗ್ಗೆ ತನಗೇ ಹೆಮ್ಮೆ.

ಪಾಪ, ಅಮ್ಮನಿಗೆ ಇದೊಂದೂ ತಿಳಿಯದು. ಬಟ್ಟೆ ತಲುಪಿಸುವ ನೆಪದಲ್ಲಿ ಗಂಡ ಊರೆಲ್ಲ ಸುತ್ತುತ್ತಾರೆಂದೇ ನಂಬಿ, ಪಕ್ಕದ ಮನೆಯವರಿಗೆಲ್ಲ ಕಿರೀಟ ತೋರಿಸಿ ಬಂದಳು. ಅಷ್ಟು ದಿನ ಸಕ್ಕರೆ ಡಬ್ಬಿಯನ್ನು ಬೀರುವಿನೊಳಗೆ ಬಚ್ಚಿಟ್ಟವಳು, ಇಷ್ಟು ನಡೆಯುವವರಿಗೆ ಒಂದು ಚಮಚ ಏನೂ ಮಾಡದು ಎಂದು ತಾನೇ ಚಹಾಕ್ಕೆ ಹಾಕಿಕೊಟ್ಟಳು. ಅಪ್ಪ ಕಿರೀಟ ಹೊತ್ತವರ ಗತ್ತಿನಲ್ಲಿ ಎರಡನೆಯ ಲೋಟವನ್ನೂ ಕೇಳಿ ಪಡೆದರು.

ಅವರ ಮನೆ ಇದ್ದದ್ದು ಮೂರನೆಯ ಮಹಡಿಯಲ್ಲಿ. ಒಂದು ಸಂಜೆ ಅಪ್ಪ ಮಗಳು ಅಂಗಡಿ ಮುಚ್ಚಿ ಬರುವಾಗ ಲಿಫ್ಟ್ ಕೆಟ್ಟು ನಿಂತಿತ್ತು.

ಗುಂಡಿ ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದಳು. ತಿರುಗಿ ನೋಡಿದರೆ ಅಪ್ಪ ಹತ್ತಾರು ಮೆಟ್ಟಿಲು ಹತ್ತಿ ಅಲ್ಲೇ ಕೂತಿದ್ದರು. ಏನಾಯಿತೆಂದು ಕೇಳಿದ್ದಕ್ಕೆ ಚಪ್ಪಲಿಯ ದಾರ ಕಟ್ಟುತ್ತಿದ್ದೇನೆ ಅಂದರು.

ಅವರ ಹವಾಯಿ ಚಪ್ಪಲಿಗೆ ದಾರವೆಲ್ಲಿಂದ ಬರಬೇಕು? ಗುಂಡಿ ಕಿಸಕ್ಕನೆ ನಕ್ಕು ಇಳಿದು ಬಂದಳು. ಹತ್ತಿರ ಬಂದಾಗ ಅಪ್ಪನ ಅಂಗಿ ಬೆವರಿಗೆ ಬೆನ್ನಿಗಂಟಿದ್ದು ಕಂಡಿತು. ಎಣ್ಣೆ ಕಾಣದ ಮೆಷಿನ್ನಿನ ಹಾಗೆ ಅವರ ಎದೆ ಸದ್ದು ಮಾಡುತ್ತಿತ್ತು. ಅವಳ ನಗು ಅಲ್ಲೇ ನಿಂತಿತು.

ಅಷ್ಟರಲ್ಲಿ ಫೋನು ಮಾತಾಡಿತು. ಈ ತಿಂಗಳ ಮಾದರಿ ನಡಿಗೆಗಾರರು ನೀವೇ, ನಾಳೆ ನಿಮ್ಮ ಅನುಭವವನ್ನು ವಿಡಿಯೋದಲ್ಲಿ ಎಲ್ಲರಿಗೂ ಹೇಳಬೇಕು ಎಂದಿತು ಆ ಜೇನು ದನಿ.

ಅಪ್ಪನ ಮುಖ ಅರಳಿತು.

“ಗುಂಡಿ, ನಿಂಗೆ ಪ್ರಬಂಧ… ಚೆನ್ನಾಗಿ ಬರುತ್ತಲ್ಲ. ನಾನು ದಿನಾ… ಹೇಗೆ ನಡೀತೀನಿ ಅಂತ… ಒಂದು ಪುಟ ಬರ್ಕೊಡು. ಓದಿಬಿಡ್ತೀನಿ.”

ಅಷ್ಟು ಹೇಳುವುದರೊಳಗೆ ಅವರಿಗೆ ಮತ್ತೆ ಏದುಸಿರು ಬಂತು. ಗುಂಡಿ ಅವರ ಕೈಯಲ್ಲಿದ್ದ ಬಟ್ಟೆಯ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು, ಪಕ್ಕದಲ್ಲೇ ಕೂತಳು. ಮೇಲಿನ ಮೆಟ್ಟಿಲುಗಳತ್ತ ನೋಡಿದಳು.

“ಬರ್ಕೊಡಲ್ಲ, ಅಪ್ಪ.”