ಕಣ್ಣು ಬರೆಯದ ಹಾಳೆ

"ಆ ಹಾಳಿ ಒಂದು ಬಿಚ್ಚಬ್ಯಾಡ್ರಿ ತಮ್ಮಾ. ಉಳಿದಿದ್ದೆಲ್ಲಾ ಒಯ್ರಿ. ಅದೊಂದು ಪೆಟ್ಟಿಗ್ಯಾಗ ಇರಲಿ."

ಕಾಶೆವ್ವ ಹೊಸ್ತಿಲಾಚೆ ನಿಂತೇ ಹೇಳಿದಳು. ಗಂಡ ಈಶಪ್ಪ ಸತ್ತ ಮೇಲೆ ಆಕೆ ಆ ಕೆಲಸದ ಕೋಣೆಯೊಳಗೆ ಕಾಲಿಟ್ಟವಳಲ್ಲ.

ಕಿರಣಕುಮಾರ ನಕ್ಕ. ಬಿಚ್ಚುವುದೇ ಅವನ ಕೆಲಸ. ಶಿಲ್ಪಿ ಈಶಪ್ಪನ ಕಾಗದಪತ್ರಗಳನ್ನು ಒಪ್ಪ ಮಾಡಿ ಒಯ್ಯಲೆಂದೇ ಮೈಸೂರಿನ ಒಂದು ಕಲಾ ಸಂಗ್ರಹಾಲಯ ಅವನನ್ನು ಹಳಿಯಾಳಕ್ಕೆ ಕಳಿಸಿತ್ತು. ಈಶಪ್ಪನ ಮಗಳು ಶಿವಗಂಗಾ, ದಾಂಡೇಲಿಯ ಶಾಲೆಯೊಂದರ ಚಿತ್ರಕಲಾ ಶಿಕ್ಷಕಿ, ತಾನೇ ಮುಂದಾಗಿ ಎಲ್ಲವನ್ನೂ ಕೊಡಲು ಒಪ್ಪಿದ್ದಳು.

"ಅದರಲ್ಲಿ ದೆವ್ವ ಇದ್ದರೆ ಇರಲಿ ಬಿಡಿ ಅಮ್ಮಾ, ಅದಕ್ಕೂ ಒಂದು ನಂಬರ್ ಹಚ್ಚಿ ಕಪಾಟಿನಲ್ಲಿ ಇಡ್ತೀವಿ."

ಕಾಶೆವ್ವ ನಗಲಿಲ್ಲ. ಯಾಕೆ ಬಿಚ್ಚಬಾರದು ಎಂದು ಕೇಳಿದ್ದಕ್ಕೆ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಮಗಳ ಕಡೆ ಒಮ್ಮೆ ನೋಡಿ, ಚೀಲ ಹಿಡಿದು ಸಂತೆಗೆ ಹೊರಟುಬಿಟ್ಟಳು.

ಕೋಣೆಗೆ ಕಿಟಕಿ ಇರಲಿಲ್ಲ. ಹೆಂಚಿನ ನಡುವಿನ ಒಂದು ಗಾಜಿನಿಂದ ಮಧ್ಯಾಹ್ನದ ಬಿಸಿಲು ಕಂಬದಂತೆ ಇಳಿದು ನೆಲದ ಮೇಲೆ ನಿಂತಿತ್ತು, ಅದರಾಚೆಗೆಲ್ಲ ಕತ್ತಲೆ. ಆ ಕತ್ತಲೆಯಲ್ಲಿ ಅರ್ಧ ಕಡೆದ ದೇವತೆಗಳು ಗೋಡೆಗೊರಗಿದ್ದವು. ಸಾಗವಾನಿ ಹೊಟ್ಟಿನ ವಾಸನೆ, ಇಲಿ ಕಡಿದ ಕಾಗದದ ವಾಸನೆ. ಬೆಳಗಿನಿಂದ ಅವನು ಈಶಪ್ಪನ ಇಡೀ ಬಾಳನ್ನು ಕಟ್ಟುಕಟ್ಟಾಗಿ ಎತ್ತಿಡುತ್ತ ಬಂದಿದ್ದ. ಗುಡಿ ಕಮಿಟಿಗಳ ಜೊತೆಗಿನ ಜಗಳದ ಪತ್ರಗಳು, ಸನ್ಮಾನದ ಶಾಲಿನೊಳಗೆ ಮಡಚಿಟ್ಟ ಫೋಟೋಗಳು, ಮಗಳು ಮೊದಲ ಸಲ ಬರೆದ ನವಿಲು.

ತಗಡಿನ ಪೆಟ್ಟಿಗೆ ತಳದಲ್ಲಿತ್ತು. ಕಪ್ಪು ಬಟ್ಟೆ ಬಿಚ್ಚುತ್ತಲೇ ಸುಟ್ಟ ಕೂದಲಿನ ವಾಸನೆ ಮೂಗಿಗೆ ಬಡಿಯಿತು. ಒಳಗೆ ಸುರುಳಿ ಸುತ್ತಿದ ಒಂದೇ ಹಾಳೆ. ನೆಲದ ಮೇಲೆ ಬಿಡಿಸಿ ನಾಲ್ಕೂ ಮೂಲೆಗೆ ಉಳಿ ಇಟ್ಟ. ಆಳೆತ್ತರದ ಹೆಂಗಸಿನ ಚಿತ್ರ. ಕೈಬೆರಳಿನ ಗೆಣ್ಣು, ಕೊರಳ ಮೇಲಿನ ಮಚ್ಚೆ, ಕಿವಿಯ ಪಕ್ಕದ ನರೆಗೂದಲು ಯಾವುದನ್ನೂ ಬಿಟ್ಟಿರಲಿಲ್ಲ. ಕಣ್ಣಿನ ಜಾಗ ಮಾತ್ರ ಖಾಲಿ.

ಅವಳು ಶಿವಗಂಗಾಳೇ.

"ಮೇಡಂ, ನಿಮ್ಮ ತಂದೆ ನಿಮ್ಮನ್ನು ಬರೆದಿದ್ದಾರೆ, ಬನ್ನಿ ನೋಡಿ!" ಎಂದು ಕೂಗಿದ.

ಶಿವಗಂಗಾ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. ನೋಡಿದವಳೇ ಹುಬ್ಬು ಗಂಟಿಕ್ಕಿದಳು. "ಇದು ಹೆಂಗ ಆಕ್ಕೈತಿ ಸರ್? ಕೆಳಗ ಅಪ್ಪ ಇಸವಿ ಬರದಾರ ನೋಡ್ರಿ. ಆವಾಗ ನಾ ಇನ್ನಾ ಹೈಸ್ಕೂಲ್ ಹುಡುಗಿ. ಕೂದಲ ಬೆಳ್ಳಗಾಗಿದ್ದು ಹೋದ ವರ್ಷ."

"ಬೇರೆ ಯಾರನ್ನಾದರೂ ಬರೆದಿರಬೇಕು. ನಿಮ್ಮ ಅಜ್ಜಿಯನ್ನೋ ಏನೋ."

ಅವಳು ಬಾಗಿಲಿಗೊರಗಿ ನಿಂತಳು. ಕಿರಣ ಹಾಳೆಯ ಫೋಟೋ ತೆಗೆದು ಟ್ಯಾಬಿನಲ್ಲಿ ದೊಡ್ಡದು ಮಾಡಿದ. ಪ್ರದರ್ಶನಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಗಲಾರದು. ಆದರೆ ಕಣ್ಣಿಲ್ಲದ ಮುಖ ಯಾಕೋ ಹಿಂಸೆ ಕೊಡುತ್ತಿತ್ತು. ಮೂಲಕ್ಕೆ ಕೈ ಹಚ್ಚುವಂಥ ತಪ್ಪು ಅವನು ಎಂದೂ ಮಾಡಿದವನಲ್ಲ. ನಕಲಿನ ಮೇಲೆ ಬರೆದರೆ ಏನಾದೀತು? ಟ್ಯಾಬಿನ ಪೆನ್ನು ತೆಗೆದು ಎರಡು ರೆಪ್ಪೆ ಎಳೆದ. ಎರಡು ಪಾಪೆ ಬರೆದ. ಎರಡು ಚುಕ್ಕಿ ಇಟ್ಟ.

ಹಿಂದೆ ಏನೋ ಬಿತ್ತು. ಮರದ ಮೇಲೆ ಮರ ಬಿದ್ದ ಸದ್ದು.

ಶಿವಗಂಗಾ ಹೊಸ್ತಿಲ ಮೇಲೆ ಅಡ್ಡ ಬಿದ್ದಿದ್ದಳು. ಓಡಿಹೋಗಿ ಕೈ ಹಿಡಿದ. ಬೆರಳು ಮಡಚಲಿಲ್ಲ. ಮೈಯೆಲ್ಲ ಸೆಟೆದಿತ್ತು, ತಣ್ಣಗಿತ್ತು, ಬಾಯಿಯಿಂದ ಹಸಿ ಸಾಗವಾನಿಯ ವಾಸನೆ ಬರುತ್ತಿತ್ತು. ತೆರೆದ ಕಣ್ಣುಗಳಲ್ಲಿ ಪಾಪೆ ಇರಲಿಲ್ಲ. ಬರೀ ಬಿಳುಪು.

ಅವನು ತಿರುಗಿ ಹಾಳೆಯನ್ನು ನೋಡಿದ.

ಹಾಳೆಯಲ್ಲಿ ಕಣ್ಣಿದ್ದವು. ಒದ್ದೆಯಾಗಿದ್ದವು. ಅವನನ್ನೇ ನೋಡುತ್ತಿದ್ದವು.

"ಏನ ಮಾಡಿದ್ರಿ!" ಅಂಗಳದಲ್ಲಿ ಚೀಲ ಬಿದ್ದು ಬದನೆಕಾಯಿ ಉರುಳಿದವು. ಕಾಶೆವ್ವ ಮಗಳ ಎದೆಗೆ ಕಿವಿ ಹಚ್ಚಿದಳು. "ಉಸಿರ ಐತಿ... ಹೊಂಟೈತಿ... ನನ್ನ ಕೂಸಿನ ಜೀವ ಅದಕ್ಕ ಹೊಂಟೈತಿ!"

"ಆಸ್ಪತ್ರೆಗೆ..."

"ಯಾವ ಆಸ್ಪತ್ರಿ! ಮಾಟಾ ಅದು!" ಏದುಸಿರಿನ ನಡುವೆ ಅವಳು ಹೇಳಿದ್ದಿಷ್ಟು: ಅನಮೋಡದ ಕಡೆಯವನೊಬ್ಬ ಗಂಟು ಹಾಕಿದ ದಾರ ತಂದುಕೊಟ್ಟು, ಇದೇ ಅಳತೆಗೆ ದೇವಿಯ ಮೂರ್ತಿ ಬೇಕೆಂದಿದ್ದ. ಈಶಪ್ಪ ದಾರ ಹಿಡಿದು ನಕ್ಷೆ ಬರೆಯುತ್ತ ಹೋದಂತೆ ಕೈ ತನ್ನ ಮಾತು ಕೇಳದೆ ಮಗಳನ್ನೇ ಬರೆಯಿತು. ಯಾರೋ ಹಗೆ ತೀರಿಸಿಕೊಳ್ಳಲು ಆ ದಾರದ ಗಂಟುಗಳಲ್ಲಿ ಕೂಸಿನ ಅಳತೆ ಕದ್ದು ತಂದಿದ್ದರು. ಕಣ್ಣು ಬರೆದರೆ ಜೀವ ಅತ್ತ ಹೋಗುತ್ತದೆಂದು ತಿಳಿದು ಅವನು ಅಲ್ಲಿಗೇ ನಿಲ್ಲಿಸಿದ. "ಹರಿಯಾಕೂ ಆಗಲಿಲ್ಲ, ಸುಡಾಕೂ ಆಗಲಿಲ್ಲ. ಅಕೀನ ಅಲ್ಲೇನು ಅದು? ಅಕೀ ಬೆಳದಂಗ ಅದೂ ಬೆಳೀತು. ಅಕೀಗೆ ಹೇಳಿಲ್ಲ ನಾವು."

ಕಿರಣ ಟ್ಯಾಬಿನ ಕಣ್ಣನ್ನು ಅಳಿಸಿದ. ಹಾಳೆಯ ಕಣ್ಣು ಹಾಗೇ ಇದ್ದವು. ಇಡೀ ಚಿತ್ರವನ್ನೇ ತೆಗೆದುಹಾಕಿದ. ಹಾಳೆ ರೆಪ್ಪೆ ಬಡಿಯಿತು. ಶಿವಗಂಗಾಳ ಗಂಟಲಲ್ಲಿ ಮರ ಸೀಳಿದಂತೆ ಚರಕ್ಕೆಂದಿತು.

ಅವನು ಈಶಪ್ಪನ ಇದ್ದಿಲ ಕಡ್ಡಿ ಹುಡುಕಿ ಹಾಳೆಯ ಮೇಲೆ ಮಂಡಿಯೂರಿದ. ರೆಪ್ಪೆ ಮುಚ್ಚಿಬಿಡಲೇ?

"ಮುಚ್ಚಬ್ಯಾಡಾ!" ಕಾಶೆವ್ವ ಕಿರುಚಿದಳು. "ಮುಚ್ಚಿದ ಕಣ್ಣು ಹೆಣದ್ದು!"

"ಮತ್ತೇನು ಮಾಡಲಿ? ಹೇಳಿ ಅಮ್ಮಾ!"

"ನಂಗೇನ ಗೊತ್ತೋ ಮಾರಾಯಾ! ಅದು ಅಕೀ ಅಲ್ಲ ಅಂತ ಆಗಬೇಕು. ಅದಕ್ಕ ಅಕೀ ಗುರುತು ಸಿಗಬಾರದು!"

ಅವನು ಇದ್ದಿಲನ್ನು ಹಾಳೆಯ ಮೇಲೆ ಹಿಡಿದ. ಬೇರೆ ಯಾರ ಮುಖ ಬರೆಯಬೇಕು? ಯಾರನ್ನು ಕೊಡಬೇಕು? ಕಪ್ಪಾದ ಟ್ಯಾಬಿನ ಗಾಜಿನಲ್ಲಿ ಬೆವೆತ ಮುಖವೊಂದು ಕಂಡಿತು. ತನ್ನದೇ. ಅವನು ಅದನ್ನು ನೋಡಿ ಬರೆಯತೊಡಗಿದ. ದಪ್ಪ ಹುಬ್ಬು. ಎಡ ಹುಬ್ಬಿನ ಮೇಲಿನ ಗಾಯದ ಗೆರೆ. ಹಾಳೆ ಕೈಯಡಿಯಲ್ಲಿ ಬೆಚ್ಚಗಿತ್ತು, ಚರ್ಮದಂತೆ ಮಿಡುಕುತ್ತಿತ್ತು. ಕೊರಳ ಮಚ್ಚೆ ಅಳಿಸಿದ. ಮೀಸೆ ತೀಡಿದ. ಕಣ್ಣಿನ ಮೇಲೆ ಕಣ್ಣು ಬರೆದ. ಒಂದು ಚುಕ್ಕಿ. ಅವನ ಬಲಗಣ್ಣಿಗೆ ಬಿಸಿಲು ಆರಿತು. ಕೈ ನಿಂತಿತು. ಹಿಂದೆ ಶಿವಗಂಗಾ ಉಸಿರಿಗಾಗಿ ಒದ್ದಾಡುತ್ತಿದ್ದಳು. ಅವನು ಇನ್ನೊಂದು ಚುಕ್ಕಿ ಇಟ್ಟ.

ಕತ್ತಲೆ.

ಕತ್ತಲೆಯೊಳಗಿಂದ ದೊಡ್ಡದೊಂದು ಉಸಿರು ಕೇಳಿತು, ಆಮೇಲೆ ಕೆಮ್ಮು, ಆಮೇಲೆ, "ಅವ್ವಾ, ನಂಗೇನಾಗಿತ್ತ?"

ಕಿರಣನ ಕಣ್ಣಿನಲ್ಲಿ ಏನೂ ದೋಷವಿಲ್ಲ ಎಂದರು ಡಾಕ್ಟರು. ನರದಲ್ಲೂ ಇಲ್ಲ. ಮೈಸೂರಿನ ಮನೆಯಲ್ಲಿ ಅಕ್ಕ ಸುನಂದಾ ಅವನನ್ನು ಕೈಹಿಡಿದು ನಡೆಸುವುದು ರೂಢಿಯಾಯಿತು. ಮತ್ತೆ ತಗಡಿನ ಪೆಟ್ಟಿಗೆಗೆ ಹೋದ ಹಾಳೆಯೊಂದನ್ನು ಬಿಟ್ಟು ಉಳಿದ ಕಾಗದಪತ್ರಗಳೆಲ್ಲ ಸಂಗ್ರಹಾಲಯ ಸೇರಿದವು. ಶಿವಗಂಗಾ ಆಗಾಗ ಫೋನ್ ಮಾಡಿ ಅಳುತ್ತಿದ್ದಳು. ಅವನೇ ಸಮಾಧಾನ ಹೇಳುತ್ತಿದ್ದ.

ಒಂದು ಬೆಳಗ್ಗೆ ಚಹಾ ಕುಡಿಯುತ್ತಿದ್ದಾಗ ಬೆಳಕು ಕಂಡಿತು.

ಮೊದಲು ಒಂದು ಗೆರೆ. ಗೆರೆ ಅಗಲವಾಯಿತು. "ಅಕ್ಕಾ! ಕಾಣ್ತಿದೆ!" ಎಂದು ಎದ್ದು ನಿಂತ. ಆದರೆ ಕಂಡದ್ದು ಅಕ್ಕನಲ್ಲ. ತುಕ್ಕು ಹಿಡಿದ ತಗಡಿನ ಮುಚ್ಚಳ. ಹೆಂಚಿನ ನಡುವಿನ ಗಾಜು. ಅವನ ಮೇಲೆ ಬಾಗಿದ ಕಾಶೆವ್ವನ ಮುಖ. ಅವಳು ಅಳುತ್ತಿದ್ದಳು. ತುಟಿ ಅಲುಗುತ್ತಿದ್ದವು. ಸದ್ದಿಲ್ಲ. ಅವಳ ಬೆರಳು ಬಂದು ಅವನ ಹುಬ್ಬನ್ನು, ಮೀಸೆಯನ್ನು ಸವರಿ, ತನ್ನ ಮಗಳ ಗುರುತು ಏನಾದರೂ ಉಳಿದಿದೆಯೇ ಎಂದು ಹುಡುಕಿತು. ಏನೂ ಉಳಿದಿರಲಿಲ್ಲ.

ಅವಳು ಹಾಳೆಯನ್ನು ಎತ್ತಿಕೊಂಡು ಅಂಗಳಕ್ಕೆ ಬಂದಳು. ಒಣ ತೆಂಗಿನಗರಿಯ ರಾಶಿಯ ಮೇಲೆ ಹಾಸಿದಳು. ಆಕಾಶ ಕಂಡಿತು.

"ಅಕ್ಕಾ, ಫೋನ್! ಹಳಿಯಾಳಕ್ಕೆ! ಬೇಗ!"

ಸುನಂದಾ ಫೋನ್ ಹಚ್ಚಿದಳು. ಆ ಬದಿ ರಿಂಗಾಗುವುದು ಅವನಿಗೆ ಕೇಳುತ್ತಿತ್ತು. ಕಾಶೆವ್ವ ತಲೆ ಎತ್ತಿ ಮನೆಯ ಕಡೆ ನೋಡಿದ್ದೂ ಕಂಡಿತು. ಎತ್ತಿಕೋ ತಾಯೀ. ಎತ್ತಿಕೋ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮನೆಗೆ ಬೆನ್ನು ತಿರುಗಿಸಿದಳು. ಎರಡೂ ಕೈ ಎತ್ತಿ ಅವನಿಗೆ ಮುಗಿದಳು.

ಕಡ್ಡಿ ಗೀರಿದ ಸದ್ದು ಅವನಿಗೆ ಕೇಳಲಿಲ್ಲ. ಬೆಂಕಿ ಮಾತ್ರ ಕಂಡಿತು.